ಹೊಸ ಮನೆ ಸ್ಪ್ರಿಂಕ್ಲರ್, ಒಗ್ಗರಣೆ ಹೊಗೆ, ಗೃಹಪ್ರವೇಶದ ಹೋಮ

ನಮಸ್ಕಾರ ಮೇಡಂ, ಕ್ಯಾಲಿಫೋರ್ನಿಯಾದ ಟ್ರೇಸಿ ಊರಿನ ಕಡೆ ಕಟ್ಟಿಸ್ತಿರೋ ಮನೆಗೆ ಫೈರ್ ಸ್ಪ್ರಿಂಕ್ಲರ್ (ಬೆಂಕಿ ಬಿದ್ರೆ ಸೀಲಿಂಗಿಂದ ತಾನಾಗೇ ನೀರು ಚಿಮ್ಮಿಸೋ ವ್ಯವಸ್ಥೆ) ಬೇಡ ಅಂದ್ರೆ ಬಿಲ್ಡರ್ ಒಪ್ತಾನಾ, ಒಗ್ಗರಣೆ ಹೊಗೆಗೆಲ್ಲ ನೀರು ಸುರಿಯುತ್ತಾ, ಗೃಹಪ್ರವೇಶದ ಹೋಮಕ್ಕೆ ಏನು ಮಾಡೋದು ಅಂತ ಕೇಳಿದ್ರಲ್ಲ.

ಬಿಲ್ಡರ್ ಒಪ್ಪೋ ಮಾತೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2011 ಜನವರಿಯಿಂದ ಹೊಸದಾಗಿ ಕಟ್ಟೋ ಸಿಂಗಲ್ ಫ್ಯಾಮಿಲಿ ಮನೆ, ಡ್ಯೂಪ್ಲೆಕ್ಸ್ (ಎರಡು ಕುಟುಂಬದ ಮನೆ) ಎಲ್ಲಕ್ಕೂ ಸ್ಪ್ರಿಂಕ್ಲರ್ ಕಡ್ಡಾಯ. ಡಲ್ಲಾಸ್‌ನಲ್ಲಿರೋ ನಿಮ್ಮ ಭಾವನ ಮನೇಲಿ ಯಾಕಿಲ್ಲ ಅಂದ್ರೆ ಟೆಕ್ಸಸ್‌ನೋರು 2009ರಲ್ಲೇ ಊರಿನ ಆಡಳಿತ ಇದನ್ನ ಕಡ್ಡಾಯ ಮಾಡೋ ಹಾಗಿಲ್ಲ ಅಂತ ಕಾನೂನು ಮಾಡ್ಬಿಟ್ರು, ಬಿಲ್ಡರ್‌ಗಳ ಒತ್ತಡ ಅಲ್ಲಿ ಜೋರು. ಖರ್ಚಂತೂ ಇದೆ, 2013ರ ಒಂದು ಅಧ್ಯಯನದಲ್ಲಿ ದೇಶದ ಸರಾಸರಿ ಚದರಡಿಗೆ 1.35 ಡಾಲರ್ ಅಂತ ಬಂದಿತ್ತು, ಇವತ್ತು ನಿಮಗೆ ಬರೋ ಕೋಟ್ ಅದಕ್ಕಿಂತ ಜಾಸ್ತಿನೇ ಇರುತ್ತೆ. ಇನ್ಶೂರೆನ್ಸ್‌ನೋರ ಹತ್ರ ಡಿಸ್ಕೌಂಟ್ ಕೇಳಿ, ಕೇಳದೆ ಅವರಾಗೇ ಕೊಡಲ್ಲ.

ಈಗ ಒಗ್ಗರಣೆ. ಹೊಗೆಗೂ ಸ್ಪ್ರಿಂಕ್ಲರ್‌ಗೂ ಸಂಬಂಧನೇ ಇಲ್ಲ ಮೇಡಂ, ಹೊಗೆಗೆ ಬಡ್ಕೊಳ್ಳೋದು ಸ್ಮೋಕ್ ಅಲಾರಂ. ಸ್ಪ್ರಿಂಕ್ಲರ್ ಹೆಡ್, ಅಂದ್ರೆ ನೀರು ಚಿಮ್ಮೋ ಮೂತಿ, ತೆರೆಯೋದು ಬಿಸಿಗೆ, ಅದರ ಸುತ್ತ ಸುಮಾರು 68 ಡಿಗ್ರಿ ಸೆಲ್ಸಿಯಸ್ ಆದಾಗ ಗಾಜಿನ ಬಲ್ಬ್ ಒಡೆಯುತ್ತೆ, ಅದೂ ಬಿಸಿ ತಾಗಿದ ಹೆಡ್ ಮಾತ್ರ. ಸಿನಿಮಾದಲ್ಲಿ ತೋರಿಸೋ ಹಾಗೆ ಇಡೀ ಮನೇಲಿ ಮಳೆ ಬರಲ್ಲ. ಒಣಮೆಣಸಿನಕಾಯಿ ಘಾಟಿಗೆ ಬೀದಿಯೆಲ್ಲ ಕೆಮ್ಮಿದ್ರೂ ಅದು ಅಲ್ಲಾಡಲ್ಲ.

ಹೋಮದ ವಿಷಯಕ್ಕೆ ಮಾತ್ರ ಹುಷಾರು. ತುಪ್ಪ ಬಿದ್ದಾಗ ಏಳೋ ಜ್ವಾಲೆಯ ಬಿಸಿ ನೇರ ಸೀಲಿಂಗ್‌ಗೆ ಹೋಗುತ್ತೆ, ಹಾಲ್ ಸೀಲಿಂಗ್ ತಗ್ಗಿದ್ದು ಕುಂಡ ಹೆಡ್ ಕೆಳಗೇ ಇದ್ರೆ ರಿಸ್ಕ್. ಒಂದು ಹೆಡ್ ತೆರೆದ್ರೆ ನಿಮಿಷಕ್ಕೆ ಸುಮಾರು 50 ಲೀಟರ್ ನೀರು, ಪುರೋಹಿತರು ಪೂರ್ಣಾಹುತಿ ಮುಗಿಸೋದ್ರೊಳಗೆ ಹಾರ್ಡ್‌ವುಡ್ ಫ್ಲೋರ್ ಕಥೆ ಮುಗೀತು. ಹೋಮ ಹಿತ್ತಲಲ್ಲಿ ಶಾಮಿಯಾನ ಇಲ್ಲದೆ ಮಾಡಿಸಿ, ಹಾಲು ಉಕ್ಕಿಸೋದು ಒಳಗೆ ಮಾಡಿ, ಅದಕ್ಕೇನೂ ಆಗಲ್ಲ. ಒಳಗೇ ಆಗ್ಬೇಕು ಅಂದ್ರೆ ಚಿಕ್ಕ ಕುಂಡ, ಹೆಡ್‌ಗಳಿಂದ ದೂರ, ಕಿಟಕಿ ತೆಗೆದು. ಹೆಡ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟೋದು, ಆ ದಿನ ವಾಲ್ವ್ ಮುಚ್ಚೋದು ಬೇಡವೇ ಬೇಡ, ಬೆಂಕಿ ಹಚ್ಚೋ ದಿನವೇ ಅದನ್ನ ಆಫ್ ಮಾಡೋದಾ!

ಡ್ರೈವಾಲ್ (ಗೋಡೆ, ಸೀಲಿಂಗ್ ಮುಚ್ಚೋ ಹಲಗೆ) ಹಾಕೋ ಮುಂಚೆ ಸ್ಪ್ರಿಂಕ್ಲರ್ ಡ್ರಾಯಿಂಗ್ ಇಸ್ಕೊಂಡು ದೇವರಮನೆ ಎಲ್ಲಿ, ಸ್ಟೌವ್ ಎಲ್ಲಿ ಅಂತ ಡಿಸೈನರ್‌ಗೆ ಹೇಳಿ. ಸ್ಟೌವ್‌ಗೆ, ಫೈರ್‌ಪ್ಲೇಸ್‌ಗೆ ಇಷ್ಟು ದೂರ ಬಿಡ್ಬೇಕು ಅಂತ ನಿಯಮ ಇದೆ, ತೀರಾ ಹತ್ರ ಬಂದ್ರೆ ಇನ್ನೂ ಜಾಸ್ತಿ ಬಿಸಿಗೆ ತೆರೆಯೋ ಹೆಡ್ ಹಾಕ್ತಾರೆ. ಆಮೇಲೆ ಬದಲಾಯಿಸೋದು ದುಬಾರಿ.

ಇನ್ನೊಂದು, ಸೀಲಿಂಗಲ್ಲಿ ಹೆಡ್ ಮುಚ್ಚಿರೋ, ಬಿಳಿ ಬಿಲ್ಲೆ ಥರ ಕಾಣೋ ಮುಚ್ಚಳ ಬಿಸಿಗೆ ಕಳಚಿ ಬೀಳೋಕೆ ಅಂತನೇ ಇರೋದು, ಪೇಂಟರ್ ಅದರ ಮೇಲೆ ಬಣ್ಣ ಬಳಿದ್ರೆ ಅಂಟ್ಕೊಂಡು ಬಿಡುತ್ತೆ, ವಾಕ್‌ಥ್ರೂ ದಿನ (ಬಿಲ್ಡರ್ ಜೊತೆ ಮನೆ ಪರಿಶೀಲಿಸೋ ದಿನ) ಒಂದೊಂದೂ ನೋಡಿ. ಹೆಡ್‌ಗೆ ಆಕಾಶಬುಟ್ಟಿ, ತೋರಣ ನೇತು ಹಾಕ್ಬೇಡಿ. ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ಮನೇಲಿ ಎಲ್ರಿಗೂ ತೋರ್ಸಿ, ತುಂಬಾ ಮನೆಗಳಲ್ಲಿ ನಲ್ಲಿಗೂ ಸ್ಪ್ರಿಂಕ್ಲರ್‌ಗೂ ಅದೊಂದೇ.

ಡ್ರಾಯಿಂಗ್ ಸಿಕ್ಕಿದ್ರೆ ಇಲ್ಲೇ ಹಾಕಿ, ದೇವರಮನೆ ಹತ್ರ ಹೆಡ್ ಎಲ್ಲಿ ಬರುತ್ತೆ ನೋಡಿ ಹೇಳ್ತೀನಿ.