ಸಂಪಾದಕರ ಉತ್ತರ: ಗಜಗನ ಹೆಸರು ಉಳಿದದ್ದು ಹೇಗೆ?

ಓದುಗರ ಪತ್ರದ ಸಾರ: ನಾನು ಕನ್ನಡ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿ. ವಚನಕಾರರ ಕಾಯಕ ಕಲ್ಪನೆಯನ್ನು ಕುರಿತು ನಾನು ಕಳುಹಿಸಿದ ಲೇಖನವನ್ನು ‘ಎರಡು ಪುಟಗಳು ಹಳೆಯ ಲೇಖನವೊಂದನ್ನು ಹೋಲುತ್ತವೆ, ಆಕರ ಹೇಳಿಲ್ಲ’ ಎಂದು ಹಿಂದಿರುಗಿಸಿದ್ದೀರಿ. ನಾನು ಆ ಲೇಖನ ಓದಿರುವುದು ನಿಜ. ಆದರೆ ಒಂದು ವಾಕ್ಯವನ್ನೂ ಇದ್ದ ಹಾಗೆ ಇಳಿಸಿಲ್ಲ. ವಿಶ್ವವಿದ್ಯಾಲಯದ ತಂತ್ರಾಂಶದಲ್ಲಿ ಹೋಲಿಕೆ ಶೇ. 8 ಮಾತ್ರ ಬಂದಿದೆ. ಮಾತುಮಾತಿಗೂ ಆಕರ ಹೇಳುವುದು ಪಶ್ಚಿಮದವರ ಪದ್ಧತಿ; ನಮ್ಮಲ್ಲಿ ಜ್ಞಾನ ಎಲ್ಲರ ಸೊತ್ತು. ಇದನ್ನು ಕೃತಿಚೌರ್ಯ ಎನ್ನುವುದು ನ್ಯಾಯವೇ?

ಆತ್ಮೀಯರೇ,

ಲೇಖನದ ಜೊತೆ ನಾವು ಕಳುಹಿಸಿದ ಎರಡು ಸಾಲಿನ ಟಿಪ್ಪಣಿ ನಿಮ್ಮನ್ನು ನೋಯಿಸಿದೆ. ಇಷ್ಟು ಓದಿ, ಇಷ್ಟು ಶ್ರಮಪಟ್ಟು ಬರೆದವರಿಗೆ ಎರಡು ಸಾಲು ಸಾಲದು. ಆದ್ದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಹೆಸರನ್ನು ಪ್ರಕಟಿಸುತ್ತಿಲ್ಲ.

ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಅಡಿಟಿಪ್ಪಣಿಯ ಈಗಿನ ರೂಪ ಅಚ್ಚಿನ ಪುಸ್ತಕಗಳ ಜೊತೆ ನಮ್ಮಲ್ಲಿಗೆ ಬಂದದ್ದಿರಬಹುದು. ಆದರೆ ಪಡೆದದ್ದನ್ನು ಪಡೆದೆ ಎಂದು ಹೇಳುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿರಲಿಲ್ಲ. ನೀವು ಎಂ.ಎ. ತರಗತಿಯಲ್ಲಿ ಓದಿಯೇ ಇರುವ ‘ಶಬ್ದಮಣಿದರ್ಪಣ’ವನ್ನು ಮತ್ತೊಮ್ಮೆ ತೆರೆಯಿರಿ. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣಕ್ಕೆ ಲಕ್ಷ್ಯ, ಅಂದರೆ ಉದಾಹರಣೆ, ಒದಗಿಸಿದವರು ಯಾರು ಎಂಬುದನ್ನು ಒಂದೇ ಪದ್ಯದಲ್ಲಿ ಹೇಳಿಬಿಡುತ್ತಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ. ಹೊನ್ನನೆಂದರೆ ಪೊನ್ನ, ಹಂಪನೆಂದರೆ ಪಂಪ. ಇವರಿಬ್ಬರ ಕಾವ್ಯಗಳು ನಮ್ಮ ಪುಣ್ಯಕ್ಕೆ ಉಳಿದಿವೆ. ಅಸಗನ ಸಂಸ್ಕೃತ ಕಾವ್ಯ ಉಳಿದು ಕನ್ನಡದ್ದು ಹೋಯಿತು. ಒಂದನೆಯ ಗುಣವರ್ಮನ ಕಾವ್ಯಗಳು ಬೇರೆಯವರು ಉದ್ಧರಿಸಿದ ಬಿಡಿ ಪದ್ಯಗಳಲ್ಲಷ್ಟೇ ಜೀವ ಹಿಡಿದುಕೊಂಡಿವೆ. ಗಜಗನದು, ಮನಸಿಜನದು, ಚಂದ್ರಭಟ್ಟನದು ಒಂದು ಕಾವ್ಯವೂ ನಮಗೆ ಸಿಕ್ಕಿಲ್ಲ. ಅಂಥವರು ಇದ್ದರು, ಕನ್ನಡದಲ್ಲಿ ಬರೆದರು ಎಂದು ಇಂದು ನಮಗೆ ಗೊತ್ತಿದ್ದರೆ, ಅದು ಕೇಶಿರಾಜನಂಥವರು ಹೆಸರು ಹಿಡಿದು ನೆನೆದದ್ದರಿಂದ.

ಇದರ ಇನ್ನೊಂದು ಮುಖವೂ ಇದೆ, ನನ್ನನ್ನು ವರ್ಷಗಳಿಂದ ಕಾಡುತ್ತಿರುವುದು ಅದೇ. ಕೇಶಿರಾಜ ಕವಿಗಳ ಹೆಸರನ್ನು ಒಟ್ಟಾಗಿ ಹೇಳಿದ. ಒಂದೊಂದು ಉದಾಹರಣೆಯ ಪಕ್ಕದಲ್ಲಿ ಅದು ಯಾರದೆಂದು ಬರೆಯಲಿಲ್ಲ. ಅವನ ಕಾಲದ ಓದುಗರಿಗೆ ಅದರ ಅಗತ್ಯ ಇರಲಿಲ್ಲವೇನೋ, ಪದ್ಯ ಕಿವಿಗೆ ಬಿದ್ದೊಡನೆ ಕವಿ ಯಾರೆಂದು ತಿಳಿಯುತ್ತಿತ್ತೇನೋ. ನಮಗೆ ತಿಳಿಯುವುದಿಲ್ಲ. ಉಳಿದಿರುವ ಕಾವ್ಯಗಳ ಜೊತೆ ಹೋಲಿಸಿ ವಿದ್ವಾಂಸರು ಎಷ್ಟೋ ಪದ್ಯಗಳ ಮೂಲವನ್ನು ಪತ್ತೆ ಹಚ್ಚಿದ್ದಾರೆ. ಮೂಲ ಸಿಗದೆ ಉಳಿದವುಗಳಲ್ಲಿ ಯಾವುದೋ ಒಂದು ಗಜಗನದೇ ಆಗಿರಬಹುದು. ಅದನ್ನು ನಾವು ವರ್ಷ ವರ್ಷವೂ ತರಗತಿಯಲ್ಲಿ ಓದುತ್ತಿರಬಹುದು, ಅವನ ಸಾಲು ಎಂದು ತಿಳಿಯದೆಯೇ.

ಜ್ಞಾನ ಎಲ್ಲರ ಸೊತ್ತು ಎಂಬ ನಿಮ್ಮ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಮ್ಮ ಊರುಗಳ ಕೆರೆಯೂ ಎಲ್ಲರದೇ. ಆದರೂ ಕಟ್ಟಿಸಿದವರ ಹೆಸರನ್ನು ಏರಿಯ ಮೇಲಿನ ಕಲ್ಲಿನಲ್ಲಿ ಕೆತ್ತುತ್ತಿದ್ದರು. ಹೆಸರು ಇದ್ದ ಮಾತ್ರಕ್ಕೆ ಯಾರೂ ನೀರು ತುಂಬಿಕೊಳ್ಳುವುದನ್ನು ಬಿಡಲಿಲ್ಲ.

ಇನ್ನು ನಿಮ್ಮ ಲೇಖನಕ್ಕೆ ಬರುತ್ತೇನೆ. ಹಳೆಯ ಲೇಖನ ‘ದುಡಿಮೆ’ ಎಂದ ಕಡೆ ನೀವು ‘ಶ್ರಮ’ ಎಂದಿದ್ದೀರಿ. ಅವರ ಉದ್ದನೆಯ ವಾಕ್ಯವನ್ನು ಒಡೆದು ಎರಡು ಮಾಡಿದ್ದೀರಿ. ಆದರೆ ಅವರು ಮೊದಲು ನುಲಿಯ ಚಂದಯ್ಯನ ಪ್ರಸಂಗ ಎತ್ತಿ, ಅಲ್ಲಿಂದ ಮೋಳಿಗೆಯ ಮಾರಯ್ಯನಿಗೆ ಬಂದು, ದಾಸೋಹ ದಾನವಲ್ಲ ಎಂಬ ನಿಲುವಿಗೆ ತಲುಪುತ್ತಾರೆ. ನೀವೂ ಅದೇ ದಾರಿಯಲ್ಲಿ ನಡೆದು ಅದೇ ನಿಲುವಿಗೆ ತಲುಪುತ್ತೀರಿ. ಆ ದಾರಿಯನ್ನು ಕಡಿದವರು ಅವರು. ವಚನಗಳ ಸಾವಿರಾರು ಪುಟಗಳ ನಡುವೆ ಈ ಎರಡನ್ನು ಜೋಡಿಸಿ ನೋಡಬೇಕೆಂದು ಹೊಳೆದದ್ದು ಅವರಿಗೆ. ಪದಗಳು ನಿಮ್ಮವು, ವಿಚಾರ ಅವರದು. ಅದನ್ನು ಒಂದು ವಾಕ್ಯದಲ್ಲಿ ಹೇಳಿ, ಅಲ್ಲಿಂದ ಮುಂದೆ ನೀವು ಒಂದು ಹೆಜ್ಜೆ ಇಟ್ಟಿದ್ದರೆ ಲೇಖನದ ಬೆಲೆ ಹೆಚ್ಚುತ್ತಿತ್ತೇ ಹೊರತು ಕುಗ್ಗುತ್ತಿರಲಿಲ್ಲ. ಅಂಥ ಹೆಜ್ಜೆ ನಿಮ್ಮ ಕೊನೆಯ ಪುಟದಲ್ಲಿ ಇದೆ ಕೂಡ.

ಹೋಲಿಕೆ ಕಣ್ಣಿಗೆ ಬಿದ್ದದ್ದು ಹೇಗೆಂದು ಹೇಳುತ್ತೇನೆ. ‘ಕಾಯಕವೇ ಕೈಲಾಸ’ ಎಂಬುದು ಬಸವಣ್ಣನ ವಚನದ ಸಾಲು ಎಂದು ಅವರು ಬರೆದಿದ್ದಾರೆ, ನೀವೂ ಬರೆದಿದ್ದೀರಿ. ಈ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕೊನೆಯಲ್ಲಿ ಅಮರೇಶ್ವರಲಿಂಗ ಎಂಬ ಅಂಕಿತವೇ ಇದೆ. ವಚನವನ್ನು ಪೂರ್ತಿಯಾಗಿ ಕಣ್ಣಾರೆ ನೋಡಿದವರು ಇದನ್ನು ಕೂಡಲಸಂಗಮದೇವನ ಅಂಕಿತದವರಿಗೆ ಕೊಡಲಾರರು. ಇದು ಬಹಳ ಜನ ಮಾಡುವ ತಪ್ಪು, ನಿಜ. ಆದರೆ ಅದರ ಹಿಂದೆಯೇ ಎರಡು ಲೇಖನಗಳಲ್ಲೂ ವಚನವೊಂದರ ಒಂದೇ ಪದ ಬಿಟ್ಟುಹೋಗಿತ್ತು. ಹಳೆಯ ಪ್ರತಿಗಳನ್ನು ಹೋಲಿಸಿ ಮೂಲವನ್ನು ನಿರ್ಣಯಿಸುವ ಗ್ರಂಥಸಂಪಾದನೆಯ ಪಾಠ ನೆನಪಿರಬೇಕು ನಿಮಗೆ: ಎರಡು ಓಲೆಪ್ರತಿಗಳ ಸಂಬಂಧ ತಿಳಿಯುವುದು ಅವುಗಳ ಸರಿಯಾದ ಪಾಠಗಳಿಂದಲ್ಲ, ಅವು ಹಂಚಿಕೊಂಡ ತಪ್ಪುಗಳಿಂದ.

ನನಗೂ ಈ ಪಾಠ ಕಷ್ಟದಲ್ಲೇ ಬಂತು. ವಿದ್ಯಾರ್ಥಿಯಾಗಿದ್ದಾಗ ಒಂದು ಪುಸ್ತಕದ ಅಡಿಟಿಪ್ಪಣಿಯಲ್ಲಿದ್ದ ಶಾಸನದ ಸಂಖ್ಯೆಯನ್ನು, ಮೂಲ ಸಂಪುಟ ತೆರೆಯದೆ, ನಾನೇ ನೋಡಿದವನಂತೆ ನನ್ನ ಪ್ರಬಂಧಕ್ಕೆ ಇಳಿಸಿದ್ದೆ. ಆ ಪುಸ್ತಕದಲ್ಲಿ ಒಂದು ಅಂಕಿ ತಪ್ಪಾಗಿ ಅಚ್ಚಾಗಿತ್ತು. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಸಂಪುಟವನ್ನು ಮೇಜಿನ ಮೇಲಿಟ್ಟು, ಆ ಶಾಸನವನ್ನು ಓದಿ ಎಂದರು. ಅಲ್ಲಿದ್ದದ್ದು ಬೇರೆ ಊರಿನ ವೀರಗಲ್ಲು. ಅವರು ಗದರಲಿಲ್ಲ. ‘ಇಂಥ ಪುಸ್ತಕದಲ್ಲಿ ಉದ್ಧೃತ’ ಎಂದು ಮೂರು ಪದ ಸೇರಿಸಿದ್ದರೆ ಸಾಕಿತ್ತಲ್ಲ ಎಂದಷ್ಟೇ ಹೇಳಿದರು. ಅಂದಿನಿಂದ ನಾನು ನೋಡದ ಪುಟವನ್ನು ನೋಡಿದೆನೆಂದು ಬರೆದಿಲ್ಲ.

ಶೇ. 8ರ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ನ್ನು ಮೀರಿ 40ರವರೆಗೆ ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗಾದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಈ ಅಂಕಿಗಳು ಪ್ರತಿಯೊಬ್ಬ ಸಂಶೋಧಕರ ಬಾಯಲ್ಲೂ ಇವೆ. ಆದರೆ ಅದೇ ನಿಯಮ ಕೃತಿಚೌರ್ಯವನ್ನು ವಿವರಿಸುವಾಗ ಇನ್ನೊಬ್ಬರ ಕೃತಿಯ ಜೊತೆಗೆ ‘ವಿಚಾರ’ ಎಂಬುದನ್ನೂ ಸೇರಿಸಿದೆ. ಅದನ್ನು ಯಾರೂ ನೆನಪಿಟ್ಟುಕೊಂಡಂತಿಲ್ಲ. ತಂತ್ರಾಂಶಕ್ಕೆ ವಿಚಾರ ಕಾಣುವುದಿಲ್ಲ, ಅಕ್ಷರಗಳ ಸಾಲು ಕಾಣುತ್ತದೆ. ಕನ್ನಡದ ಮಟ್ಟಿಗೆ ಅದೂ ಸರಿಯಾಗಿ ಕಾಣುವುದಿಲ್ಲ. ನಮ್ಮ ಹಳೆಯ ಪ್ರಬಂಧಗಳಲ್ಲಿ ಬಹಳಷ್ಟು ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದವು. ಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳು. ಇನ್ನೂ ಎಷ್ಟೋ ಲೇಖನಗಳು ಗ್ರಂಥಾಲಯದ ಕಪಾಟಿನಿಂದ ಕಂಪ್ಯೂಟರಿಗೆ ಬಂದೇ ಇಲ್ಲ. ಇಂಗ್ಲಿಷಿನ ಲೇಖನವನ್ನು ಕನ್ನಡಕ್ಕೆ ತಿರುಗಿಸಿ ತನ್ನದೆಂದು ಕೊಟ್ಟರೂ ಅಂಕಿ ಸೊನ್ನೆಯ ಹತ್ತಿರವೇ ನಿಲ್ಲಬಹುದು. ಇನ್ನೊಂದು ಕಡೆ, ಹತ್ತು ವಚನಗಳನ್ನು ಪ್ರಾಮಾಣಿಕವಾಗಿ ಉದ್ಧರಿಸಿದವರ ಅಂಕಿ ಏರಿ ಅವರು ವಿನಾಕಾರಣ ಗಾಬರಿಯಾಗುತ್ತಾರೆ. ಆಕರಸಹಿತ ಉದ್ಧರಣೆಗಳನ್ನು ಲೆಕ್ಕದಿಂದ ಬಿಡಬೇಕೆಂದು ನಿಯಮವೇ ಹೇಳುತ್ತದೆ. ಆದ್ದರಿಂದ ಆ ಅಂಕಿಯನ್ನು ನಿಮ್ಮ ಪರವಾದ ಸಾಕ್ಷಿಯಾಗಿ ನಾನು ಒಪ್ಪಲಾರೆ. ನಿಮ್ಮ ವಿರುದ್ಧ ಬಂದಿದ್ದರೂ ಒಪ್ಪುತ್ತಿರಲಿಲ್ಲ.

ಹಾಗೆಂದು ಮಾತುಮಾತಿಗೂ ಆಕರ ಬೇಡ. ಬಸವಣ್ಣ 12ನೆಯ ಶತಮಾನದವನು ಎಂಬುದಕ್ಕೆ ಅಡಿಟಿಪ್ಪಣಿ ಹಾಕಿದರೆ ಓದುಗರಿಗೆ ಬೇಸರ ಬಂದೀತು. ಎಲ್ಲರಿಗೂ ಗೊತ್ತಿರುವುದು ಯಾರ ಸಂಶೋಧನೆಯೂ ಅಲ್ಲ. ಒಬ್ಬರು ಕಂಡುಕೊಂಡದ್ದು, ವಾದಿಸಿದ್ದು, ಎಣಿಸಿದ್ದು, ಸಂಗ್ರಹಿಸಿದ್ದು ಅವರ ಹೆಸರಿನಲ್ಲೇ ಬರಬೇಕು. ಟಿಪ್ಪಣಿ ಮಾಡಿಕೊಳ್ಳುವಾಗಲೇ, ಅವರ ಮಾತನ್ನು ಇದ್ದಂತೆ ಬರೆದುಕೊಂಡರೆ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆಯನ್ನು ಆಗಲೇ ಬರೆಯಿರಿ. ಆರು ತಿಂಗಳ ಮೇಲೆ ನೋಟುಪುಸ್ತಕ ತೆರೆದಾಗ ಯಾವುದು ಅವರದು, ಯಾವುದು ನಿಮ್ಮದು ಎಂದು ನಿಮಗೇ ತಿಳಿಯದೆ ಹೋಗುವುದರಿಂದ ಆಗುವ ಅನರ್ಥವೇ ಹೆಚ್ಚು. ಇನ್ನೊಬ್ಬರ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಬೇಕಾದಾಗ ಪುಸ್ತಕ ಮುಚ್ಚಿಟ್ಟು ಬರೆಯಿರಿ. ಬರೆದ ಮೇಲೆ ತೆರೆದು ಸರಿಯೇ ಎಂದು ನೋಡಿ. ಆಮೇಲೆ ಹೆಸರು ಹಾಕಿ.

ನಿಮ್ಮ ಕ್ಷೇತ್ರಕ್ಕೆ ಸಂಬಂಧಿಸಿದ ಒಂದೆರಡು ಮಾತು. ವಚನವನ್ನು ಉದ್ಧರಿಸುವಾಗ ವಚನಕಾರರ ಹೆಸರಷ್ಟೇ ಸಾಲದು. ಪಾಠಾಂತರಗಳು, ಅಂದರೆ ಒಂದೇ ವಚನದ ಬೇರೆ ಬೇರೆ ರೂಪಗಳು, ಇರುವುದರಿಂದ ಯಾವ ಆವೃತ್ತಿ, ಎಷ್ಟನೆಯ ವಚನ ಎಂಬುದು ಬೇಕು. 15 ಸಂಪುಟಗಳ ಸಮಗ್ರ ವಚನ ಸಂಪುಟ ಬಂದ ಮೇಲೆ ಇದು ಸುಲಭವಾಗಿದೆ. ಶಾಸನಗಳಲ್ಲೂ ಅಷ್ಟೇ: ಬಿ.ಎಲ್. ರೈಸ್ ಹೊರತಂದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬೇಲೂರಿನ ಶಾಸನಗಳು 5ನೆಯ ಸಂಪುಟದಲ್ಲಿವೆ, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಯೇ ಬೇರೆ. ಆವೃತ್ತಿ ಹೇಳದಿದ್ದರೆ ಓದುಗರು ಕಪಾಟಿನ ಮುಂದೆ ದಿನಗಟ್ಟಲೆ ನಿಲ್ಲಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಕ್ಷೇತ್ರಕಾರ್ಯದ ಪ್ರಬಂಧಗಳು. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡಿದ ನೀಲಗಾರರ ಹೆಸರು ಕೃತಜ್ಞತೆಯ ಪುಟದಲ್ಲಿ ‘ಹಾಡಿದ ಎಲ್ಲರಿಗೂ’ ಎಂಬ ಎರಡು ಪದಗಳಲ್ಲಿ ಕರಗಿರುತ್ತದೆ. ಅವರ ಬಾಯಿಂದ ಬಂದ ಸಾಲುಗಳು ಮಾತ್ರ ನೂರಾರು ಪುಟ ತುಂಬಿರುತ್ತವೆ. ಮುದ್ರಿತ ಪುಸ್ತಕಕ್ಕೆ ಪುಟಸಂಖ್ಯೆ ಹೇಗೋ ಹಾಡಿದ, ಹೇಳಿದ ವಕ್ತೃವಿಗೆ ಹೆಸರು, ಊರು, ಹಾಡಿದ ದಿನ ಹಾಗೆ. ನಿಮ್ಮ ಲೇಖನದ ಐದನೆಯ ಪುಟದಲ್ಲಿ ‘ಹಳ್ಳಿಯ ಹಿರಿಯ ಹೆಣ್ಣುಮಗಳೊಬ್ಬರು’ ಹೇಳಿದ ಕಥೆ ಬಹಳ ಚೆನ್ನಾಗಿದೆ. ಆ ತಾಯಿಯ ಹೆಸರೇನು? ಅವರ ಒಪ್ಪಿಗೆ ಕೇಳಿ, ಒಪ್ಪಿದರೆ ಬರೆಯಿರಿ.

ನಿಮ್ಮನ್ನು ಕಳ್ಳಿ ಎಂದು ನಾನು ಎಣಿಸಿಲ್ಲ. ಕದಿಯುವವರು ಹಳೆಯ ಲೇಖನ ಓದಿದ್ದೇನೆ ಎಂದು ತಾವಾಗಿಯೇ ಬರೆಯುವುದಿಲ್ಲ. ಮೂರು ಮತ್ತು ನಾಲ್ಕನೆಯ ಪುಟಗಳಲ್ಲಿ ಆ ಲೇಖಕರ ಹೆಸರು, ಲೇಖನ, ವರ್ಷ, ಪುಟ ಸೇರಿಸಿ, ಎಲ್ಲಿಂದ ನಿಮ್ಮ ಮಾತು ಶುರುವಾಗುತ್ತದೆ ಎಂಬುದು ಕಾಣುವಂತೆ ಬರೆಯಿರಿ. ಆಯ್ದಕ್ಕಿ ಮಾರಯ್ಯನ ವಚನವನ್ನು ಸಂಪುಟ ತೆರೆದು ನೋಡಿ, ಪೂರ್ತಿಯಾಗಿ ಉದ್ಧರಿಸಿ. ಮುಂದಿನ ತಿಂಗಳ ಹತ್ತರೊಳಗೆ ಕಳುಹಿಸಿದರೆ ಅದರ ನಂತರದ ಸಂಚಿಕೆಯಲ್ಲಿ ನಿಮಗಾಗಿ ಎಂಟು ಪುಟ ಕಾದಿರಿಸುತ್ತೇನೆ.

ಸಂಪಾದಕ