ಕ್ಷಮೆ ಕೇಳುವ ಪ್ರೇಮಗೀತೆಗೆ ಮಳೆ ಚೆನ್ನಾ, ಹೊಳೆ ಚೆನ್ನಾ, ಬೆಳದಿಂಗಳು ಚೆನ್ನಾ?

ಮುನಿಸಿಕೊಂಡ ಹುಡುಗಿಗೆ ಹಾಡು ಬರೆಯುತ್ತಿದ್ದೀರಿ, ಇದರಲ್ಲಿ ಯಾವುದು ಹೊಂದುತ್ತೆ ಅಂತ ಕೇಳಿದ್ದೀರಿ. 2011ರಲ್ಲಿ ನಾನೂ ಇದೇ ಯೋಚನೆಯಲ್ಲಿ ಅರ್ಧ ನೋಟ್‌ಬುಕ್ ತುಂಬಿಸಿದ್ದೆ.

ಆಗ ಶಿವಮೊಗ್ಗದಲ್ಲಿ ಕೆಲಸ. ಹೆಂಡತಿಯ ತವರು ತೀರ್ಥಹಳ್ಳಿಯಿಂದ ಆಚೆ, ಅಡಿಕೆ ತೋಟದ ಮನೆ. ಪುಷ್ಯ ಮಳೆ ಹಿಡಿದಿತ್ತು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸುವಾಗ ಮಾವ ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅಲ್ಲೇ ಇದ್ದ ಅವಳು ಫೋನ್ ಮಾಡಿ, "ಇವತ್ತೇ ಬನ್ನಿ, ನನ್ನೊಬ್ಬಳ ಕೈಲಿ ಆಗ್ತಿಲ್ಲ" ಅಂದಳು. ಯುಗಾದಿಯಲ್ಲಿ ಮಾವನಿಗೂ ನನಗೂ ಮಾತಿಗೆ ಮಾತು ಬೆಳೆದಿತ್ತು, ಅದಿನ್ನೂ ಒಳಗೆ ಕುದಿಯುತ್ತಿತ್ತು. "ತುಂಗೆ ಉಕ್ಕಿದೆಯಂತೆ, ರಸ್ತೆ ಬಂದ್" ಅಂದುಬಿಟ್ಟೆ. ರಸ್ತೆ ಬಂದ್ ಆಗಿರಲಿಲ್ಲ. ಅದೇ ಸಂಜೆ ಅವರ ಪಕ್ಕದ ಮನೆಯವರು ಶಿವಮೊಗ್ಗದಿಂದ ಬಸ್ಸಲ್ಲಿ ಬಂದಿಳಿದರು.

ಆಮೇಲೆ ಅವಳು ಫೋನ್ ಎತ್ತಲಿಲ್ಲ. ಹತ್ತು ದಿನ ಕೂತು ಹಾಡು ಬರೆದೆ. ಮೋಡ ಕವಿಯಿತು, ಹೊಳೆ ಅಡ್ಡ ಬಂತು, ಮಂಜು ದಾರಿ ಮುಚ್ಚಿತು, ಎರಡು ದಡ ದೂರವಾದವು. ಹೋಗಿ ಅವರ ಜಗಲಿಯಲ್ಲಿ ಕೂತು ಹಾಡಿದೆ. ಪೂರ್ತಿ ಕೇಳಿದಳು. "ರಾಗ ಚೆನ್ನಾಗಿದೆ. ಆದರೆ ಅವತ್ತು ಬಸ್ಸು ಓಡ್ತಿತ್ತು" ಅಂದು ಒಳಗೆ ಹೋದಳು. ದೀಪಾವಳಿವರೆಗೆ ತವರಲ್ಲೇ ಉಳಿದಳು.

ಇದನ್ನು ಬಿಡಿಸಿ ಹೇಳಬೇಕು. ಹೋಗದೆ ಇದ್ದದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ನಾನು ಫೋನಲ್ಲಿ ಹೇಳಿದ ಸುಳ್ಳನ್ನೇ ಹಾಡಲ್ಲಿ ಮತ್ತೆ ಹೇಳಿದೆ, ಅದೂ ರಾಗ ಹಾಕಿ, ಅವರ ಮನೆ ಜಗಲಿಯಲ್ಲೇ. ಆ ಸಾಲುಗಳನ್ನೇ ನೋಡಿ: ಕವಿಯಿತು, ಬಂತು, ಮುಚ್ಚಿತು. ಮಾಡಿದ್ದೆಲ್ಲಾ ಮೋಡ, ಹೊಳೆ, ಮಂಜು. ನಾಲ್ಕು ಚರಣದಲ್ಲಿ ನಾನು ಮಾಡುವುದು ಒಂದೇ, ಮಳೆಯಲ್ಲಿ ನೆನೆಯುವುದು. ನೆನೆದವನನ್ನು ಕ್ಷಮಿಸುವುದಕ್ಕೆ ಏನಿದೆ ಹೇಳಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಹೊಳೆ ಡೊಂಕು ಅಂದಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನಿಸುತ್ತೆ ನನಗೆ. ಪ್ರಕೃತಿ ಬೇಡ ಅಂತಲ್ಲ. ಕಾಳಿದಾಸನ ಮೇಘದೂತದ ತುಂಬಾ ಮೋಡ, ಬೆಟ್ಟ, ನದಿಗಳೇ ಅಲ್ವಾ? ಆದರೆ ಅದರ ನಾಯಕ ಯಕ್ಷ ತನ್ನ ಕೆಲಸದಲ್ಲಿ ಮೈಮರೆತ, ಅದಕ್ಕೇ ಒಂದು ವರ್ಷದ ಶಾಪ ಅನ್ನುವುದು ಮೊದಲ ಪದ್ಯದಲ್ಲೇ ಇದೆ. ಆಷಾಢದ ಮೋಡ ಕಾಣುವುದು ಅದಾದ ಮೇಲೆ. ಮೋಡದ ಪಾಲಿಗೆ ಸುದ್ದಿ ಒಯ್ಯುವ ಕೆಲಸವಷ್ಟೇ. ಅಕ್ಕಮಹಾದೇವಿಯೂ ದುಂಬಿ, ಮಾಮರ, ಬೆಳದಿಂಗಳು, ಕೋಗಿಲೆಯನ್ನು ಕರೆದು ನನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡರೆ ಕರೆದು ತೋರಿಸಿ ಅಂತ ಬೇಡುತ್ತಾಳೆ, ಯಾವುದರ ತಲೆಗೂ ಏನನ್ನೂ ಕಟ್ಟುವುದಿಲ್ಲ.

ನೀವು ಏನು ಮಾಡಿದಿರಿ, ಯಾವತ್ತು ಮಾಡಿದಿರಿ, ಅದನ್ನು ಸಾದಾ ಮಾತಲ್ಲಿ ಒಂದು ಸಾಲು ಬರೆಯಿರಿ. ಅವಳ ಎದುರು ಆ ಸಾಲನ್ನು ಹಾಡಲು ಧೈರ್ಯ ಬರುವವರೆಗೆ ಮಳೆಯನ್ನು ಮುಟ್ಟಲೇಬೇಡಿ.

ನಾನು ದೀಪಾವಳಿಯ ಹಿಂದಿನ ದಿನ ಅದೇ ಬಸ್ಸು ಹತ್ತಿ ಹೋದೆ. ನಾಲ್ಕೂ ಚರಣ ಹೊಡೆದು ಹಾಕಿ ಒಂದೇ ಸಾಲು ಉಳಿಸಿಕೊಂಡಿದ್ದೆ: ಹೊಳೆ ತುಂಬಿತ್ತು, ಬಸ್ಸು ಓಡ್ತಿತ್ತು, ನಾನೇ ಹತ್ತಲಿಲ್ಲ. ಮಾವನ ಎದುರೇ ಹಾಡಿದೆ, ಗಂಟಲು ನಡುಗುತ್ತಿತ್ತು. ಅವರು ಕೋಲು ಊರಿಕೊಂಡು ಎದ್ದು, "ಕೈಕಾಲು ತೊಳ್ಕೊಳಿ, ಊಟಕ್ಕೆ ಹೊತ್ತಾಯ್ತು" ಅಂದರು. ಅವಳು ಏನೂ ಅನ್ನದೆ ಇನ್ನೊಂದು ಬಾಳೆ ಎಲೆ ತಂದು ಹಾಸಿದಳು.