ಆನ್‌ಲೈನ್‌ನಲ್ಲಿ ಚೀನಾದ ಹಳೆಯ ಬೆಳ್ಳಿ ನಾಣ್ಯ 600 ರೂಪಾಯಿಗೆ ಸಿಗುತ್ತಿದೆ. ಸಂಗ್ರಹ ಶುರು ಮಾಡಲು ತೆಗೆದುಕೊಳ್ಳಬಹುದೇ?

ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನೀವು ಕೇಳಿರುವುದು ಎರಡು ಪ್ರಶ್ನೆ. ಒಂದರಲ್ಲಿ ಮೀಸೆಯ ಮಿಲಿಟರಿ ಅಧಿಕಾರಿ, ಇನ್ನೊಂದರಲ್ಲಿ ಡ್ರ್ಯಾಗನ್ ಇರುವ ‘ಬೆಳ್ಳಿ’ ನಾಣ್ಯ ತಲಾ 600ಕ್ಕೆ ಸಿಗುತ್ತಿವೆ, ಕೊಳ್ಳಲೇ? ಮತ್ತೆ, ಚೀನಾದ ಬೆಳ್ಳಿ, ತಾಮ್ರದ ನಾಣ್ಯ ಕೂಡಿಡಲು ಎಲ್ಲಿಂದ ಶುರು ಮಾಡಲಿ? ಮೊದಲನೆಯದಕ್ಕೆ ಮಗ್ಗಿ ಬಂದರೆ ಸಾಕು. ಮೀಸೆಯವರು ಯುವಾನ್ ಶಿಕಾಯ್, ಚೀನಾ ಗಣರಾಜ್ಯದ ಆರಂಭದ ಅಧ್ಯಕ್ಷರು. ಆ ಅಸಲಿ ನಾಣ್ಯ 26.7 ಗ್ರಾಂ ಆಸುಪಾಸು ತೂಗುತ್ತದೆ, ಅದರಲ್ಲಿ ನೂರಕ್ಕೆ 89 ಪಾಲು ಬೆಳ್ಳಿ. ಅಂದರೆ ಸುಮಾರು 23.7 ಗ್ರಾಂ ಅಪ್ಪಟ ಬೆಳ್ಳಿ. ಇವತ್ತಿನ ಪೇಪರಿನ ಬೆಳ್ಳಿ ದರಕ್ಕೆ ಗುಣಿಸಿ ನೋಡಿ. ಕರಗಿಸಿದರೇ 600ಕ್ಕಿಂತ ಹೆಚ್ಚು ಬರುವ ಮಾಲನ್ನು ನಿಮ್ಮ ಮನೆ ಬಾಗಿಲಿಗೆ ಕೊರಿಯರ್ ಖರ್ಚು ಹಾಕಿ ಯಾವ ಪುಣ್ಯಾತ್ಮ ಕಳಿಸುತ್ತಾನೆ?

ಹೀಗೆ ಹೇಳುವ ನಾನೂ ಬಿದ್ದವನೇ. ನನ್ನದು ಉಡುಪಿ ಕಡೆ. ಯಂತ್ರದ ಬಿಡಿಭಾಗಗಳ ಕಂಪನಿ ಕೆಲಸಕ್ಕೆಂದು ಎರಡು ವರ್ಷ ಚೀನಾದ ಸುಝೌ ಊರಿನಲ್ಲಿದ್ದೆ. ಅಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಅಜ್ಜ ಇದೇ ಯುವಾನ್ ನಾಣ್ಯವನ್ನು ಎರಡು ಬೆರಳ ಉಗುರಿನ ತುದಿಯಲ್ಲಿ ಹಿಡಿದು, ಅಂಚಿಗೆ ಫೂ ಅಂತ ಊದಿ, ನನ್ನ ಕಿವಿಗೆ ಹಿಡಿದರು. ಸಣ್ಣಗೆ ಝೇಂಕಾರ ಕೇಳಿತು. ಬೆಳ್ಳಿಯ ನಾಣ್ಯ ಹೀಗೆ ಹಾಡುತ್ತದೆ ಅನ್ನುವುದು ಅಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. 120 ಯುವಾನ್ (ಅಲ್ಲಿನ ದುಡ್ಡಿನ ಹೆಸರೂ ಯುವಾನೇ) ಕೊಟ್ಟೆ. ರಜೆಗೆ ಬಂದಾಗ ನಮ್ಮ ಪೇಟೆಯ ಚಿನ್ನದ ಕೆಲಸದ ಆಚಾರ್ರ ಹತ್ತಿರ ಒಯ್ದೆ. ತಕ್ಕಡಿಗೆ ಹಾಕಿದರು, 22.4 ಗ್ರಾಂ. ಒರೆಗಲ್ಲಿಗೆ ಒಂದೆಳೆ ಎಳೆದು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ‘ಇದಕ್ಕೆ ಬೆಳ್ಳಿ ನೀರು ಕುಡಿಸಿದ್ದಾರೆ ಮಾರಾಯ್ರೆ, ಒಳಗೆ ಹಿತ್ತಾಳೆ’ ಅಂದರು. ಹಿತ್ತಾಳೆಯೂ ಹಾಡುತ್ತದೆ. ದೇವಸ್ಥಾನದ ಗಂಟೆ ಕೇಳಿ ಬೆಳೆದವನಿಗೆ ಅದು ಹೊಳೆಯದೆ ಹೋದದ್ದೇ ನಾಚಿಕೆ.

ಹಾಗಾಗಿ ನಾಣ್ಯಕ್ಕೆ ಮೊದಲು ತಕ್ಕಡಿ ಕೊಳ್ಳಿ. 0.01 ಗ್ರಾಂ ತೋರಿಸುವ ಅಂಗೈಯಗಲದ ಡಿಜಿಟಲ್ ತಕ್ಕಡಿ ಸಾಕು, ಜೊತೆಗೆ ಅಗಲ, ದಪ್ಪ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್. ಮೊದಲು ಒಣ ತೂಕ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಅಸಲಿ ಯುವಾನ್ ನಾಣ್ಯಕ್ಕೆ ತಕ್ಕಡಿ 2.6 ಆಸುಪಾಸು ತೋರಿಸಬೇಕು, ಭಾಗಿಸಿದರೆ 10.3ರ ಹತ್ತಿರ ಬರಬೇಕು. ನನ್ನದು 2.63 ತೋರಿಸಿತು, ಉತ್ತರ 8.5. ಅದು ಹಿತ್ತಾಳೆಯ ಸಂಖ್ಯೆ. ಹೈಸ್ಕೂಲಿನಲ್ಲಿ ಆರ್ಕಿಮಿಡೀಸ್ ತತ್ತ್ವ ಬಾಯಿಪಾಠ ಹೊಡೆದದ್ದು ಮೂವತ್ತು ವರ್ಷದ ಮೇಲೆ ಕೆಲಸಕ್ಕೆ ಬಂತು. ಮ್ಯಾಗ್ನೆಟ್ ಹಿಡಿದು ನೋಡುವುದೂ ಒಳ್ಳೆಯದೇ, ಆದರೆ ಅದು ಕಬ್ಬಿಣ ಹಾಕಿದ ದಡ್ಡ ಕಳ್ಳನನ್ನು ಮಾತ್ರ ಹಿಡಿಯುತ್ತದೆ.

ಮುಖ ನೋಡಿ ನಂಬದೆ ತೂಗಿ ನಂಬುವುದು ಚೀನಾದವರದ್ದೇ ಪದ್ಧತಿ. ಅಲ್ಲಿ ಬೆಳ್ಳಿ ಬಹಳ ಕಾಲ ನಾಣ್ಯವಾಗಿರಲೇ ಇಲ್ಲ. ದೋಣಿಯಾಕಾರದ ಗಟ್ಟಿಗಳಾಗಿ ಓಡಾಡುತ್ತಿತ್ತು, ದೊಡ್ಡ ಗಟ್ಟಿ 50 ಟೇಲ್. ಟೇಲ್ ಅನ್ನುವುದು ತೂಕದ ಅಳತೆ. ಸರಕಾರಿ ಖಜಾನೆಯ ಟೇಲ್ ಸುಮಾರು 37.3 ಗ್ರಾಂ. ಹತ್ತು ಮೇಸ್ ಸೇರಿದರೆ ಒಂದು ಟೇಲ್, ಹತ್ತು ಕ್ಯಾಂಡರೀನ್ ಸೇರಿದರೆ ಒಂದು ಮೇಸ್. (ಮೇಸ್ ಅನ್ನುವ ಪದ ಮಲಯ ಭಾಷೆಯ ದಾರಿಯಾಗಿ ಬಂದ ನಮ್ಮ ‘ಮಾಷ’, ಅಂದರೆ ಉದ್ದಿನ ಕಾಳು ಅನ್ನುತ್ತಾರೆ ನಿಘಂಟುಕಾರರು.) 1889ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ಆಡಳಿತ ನಡೆಸುತ್ತಿದ್ದ ಝಾಂಗ್ ಝಿಡಾಂಗ್, ಬರ್ಮಿಂಗ್‌ಹ್ಯಾಮ್‌ನಿಂದ ಯಂತ್ರ ತರಿಸಿ ಟಂಕಸಾಲೆ ತೆರೆದರು. ಡ್ರ್ಯಾಗನ್ ನಾಣ್ಯಗಳ ದೊಡ್ಡ ಸಾಲು ಶುರುವಾಗಿದ್ದು ಅಲ್ಲಿಂದ. ಆ ನಾಣ್ಯದ ಮೇಲೆ ಬೆಲೆ ಬರೆದಿಲ್ಲ, ‘7 ಮೇಸ್ 2 ಕ್ಯಾಂಡರೀನ್’ ಅಂತ ಚೀನೀಯಲ್ಲೂ ಇಂಗ್ಲಿಷಿನಲ್ಲೂ ತೂಕ ಬರೆದಿದೆ. 37.3ನ್ನು 0.72ರಿಂದ ಗುಣಿಸಿ, 26.86 ಗ್ರಾಂ ಬರುತ್ತದೆ. ನಿಮ್ಮ 600 ರೂಪಾಯಿಯ ಡ್ರ್ಯಾಗನ್ ನಕಲಿಯಾಗಿದ್ದರೆ ತನ್ನ ಮೈಮೇಲೇ ತನ್ನ ವಿರುದ್ಧ ಸಾಕ್ಷಿ ಬರೆದುಕೊಂಡಿರುತ್ತದೆ.

ವಿದೇಶಿ ನಾಣ್ಯಗಳಿಗೂ ಇದೇ ಉಪಚಾರ. ಸ್ಪೇನಿನ ಡಾಲರ್, ಮೆಕ್ಸಿಕೋದ ಹದ್ದಿನ ಡಾಲರ್ ಬಂದರಿಗೆ ಬಂದಿಳಿದರೆ ಅಲ್ಲಿನ ಚಿನಿವಾರರು ತೂಗಿ, ಪರೀಕ್ಷಿಸಿ, ಸರಿ ಕಂಡರೆ ತಮ್ಮ ಮುದ್ರೆಯ ಉಳಿ ಇಟ್ಟು ಹೊಡೆಯುತ್ತಿದ್ದರು. ಕೆಲವು ನಾಣ್ಯಗಳಿಗೆ ಸಿಡುಬು ಬಂದ ಹಾಗೆ ಮೈತುಂಬಾ ಗುರುತು. ಹೊಸಬರು ಇದನ್ನು ಗಾಯ ಅಂದುಕೊಂಡು ಬಿಡುತ್ತಾರೆ. ನನಗೆ ಇವೇ ಪ್ರೀತಿ, ಒಂದೊಂದು ಗುರುತೂ ಒಂದೊಂದು ಅಂಗಡಿಯ ಜಾಮೀನು. ಈ ಪರೀಕ್ಷಕರಿಗೆ ಬ್ರಿಟಿಷರು ಕೊಟ್ಟ ಹೆಸರು ‘ಶ್ರಾಫ್’, ನಮ್ಮ ಸರಾಫನೇ ಹಡಗು ಹತ್ತಿ ಹೋದದ್ದು. ಹಾಂಗ್‌ಕಾಂಗ್‌ನ ಪಾರ್ಕಿಂಗ್ ಜಾಗಗಳಲ್ಲಿ ದುಡ್ಡು ಕಟ್ಟುವ ಕೌಂಟರಿನ ಮೇಲೆ ಇವತ್ತಿಗೂ ಅದೇ ಬೋರ್ಡು ಇರುತ್ತದೆ.

ಎರಡನೇ ಪ್ರಶ್ನೆ, ಶುರು ಎಲ್ಲಿಂದ? ಬೆಳ್ಳಿಯನ್ನು ಒಂದು ವರ್ಷ ಮರೆತುಬಿಡಿ. ಮಧ್ಯದಲ್ಲಿ ಚೌಕ ತೂತಿರುವ ಕಾಸುಗಳಿಂದ ಶುರು ಮಾಡಿ. ಕಾಸು ಅಂತ ಬೇಕೆಂದೇ ಬರೆದೆ. ಇಂಗ್ಲಿಷಿನಲ್ಲಿ ಈ ಚೀನೀ ನಾಣ್ಯಕ್ಕೆ ‘ಕ್ಯಾಶ್’ ಅನ್ನುತ್ತಾರಲ್ಲ, ಅದು ನಮ್ಮ ದಕ್ಷಿಣದ ಕಾಸೇ, ಪೋರ್ಚುಗೀಸರ ಬಾಯಲ್ಲಿ ಹೊರಳಿ ಅಲ್ಲಿಗೆ ಹೋದದ್ದು. ಇವು ಅಚ್ಚೊತ್ತಿದವಲ್ಲ, ಎರಕ ಹೊಯ್ದವು. ಮರಳಿನ ಅಚ್ಚಿನೊಳಗೆ ನಡುವೆ ಒಂದು ಕಾಲುವೆ, ಎರಡೂ ಬದಿಗೆ ಕೊಂಬೆಯ ಹಾಗೆ ನಾಣ್ಯಗಳು. ಆರಿದ ಮೇಲೆ ಮುರಿದು, ಚೌಕ ಸಲಾಕೆಗೆ ಸಾಲಾಗಿ ಪೋಣಿಸಿ ಅಂಚು ಉಜ್ಜುತ್ತಿದ್ದರು. ತೂತು ಚೌಕವಾದ್ದರಿಂದ ಉಜ್ಜುವಾಗ ನಾಣ್ಯ ಗಿರಗಿರ ತಿರುಗುವುದಿಲ್ಲ.

ಇವು ಅಗ್ಗವಾಗಿರುವುದಕ್ಕೆ ಕಾರಣ, ಮಾಡಿದ್ದು ಅಷ್ಟೊಂದು. ಸೋಂಗ್ ರಾಜವಂಶದ ಕಾಲದಲ್ಲಿ, 1080ರ ಹೊತ್ತಿಗೆ, ವರ್ಷಕ್ಕೆ 50 ಲಕ್ಷ ಸರ ಎರಕವಾಗುತ್ತಿತ್ತು. ಸರಕ್ಕೆ ಸಾವಿರದಂತೆ 500 ಕೋಟಿ ಕಾಸು. ಜಪಾನ್, ವಿಯೆಟ್ನಾಂ, ಜಾವಾ ಎಲ್ಲ ಕಡೆ ಹರಿದವು. ತಂಜಾವೂರು ಸೀಮೆಯಲ್ಲಿ ಇವುಗಳ ಗಂಟೇ ಸಿಕ್ಕಿದೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಒಂದು ಚೀನೀ ನಾಣ್ಯ ಸಿಕ್ಕಿತ್ತು, ಅದರ ಕಾಲದ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಜಗಳ ಇದೆ. ಸಾವಿರ ವರ್ಷ ಹಳೆಯ ಅಸಲಿ ವಸ್ತುವೊಂದು ಹೋಟೆಲಿನ ಒಂದು ಊಟದ ಖರ್ಚಿಗೆ ಕೈಗೆ ಬರುವುದು ಈ ಹವ್ಯಾಸದಲ್ಲಿ ಮಾತ್ರ ಇರಬೇಕು.

ಚಿಂಗ್ ರಾಜವಂಶದ ಕಾಂಗ್‌ಶಿ (1661ರಿಂದ 1722) ಮತ್ತು ಚಿಯೆನ್‌ಲೋಂಗ್ (1735ರಿಂದ 1796) ಚಕ್ರವರ್ತಿಗಳ ಕಾಸುಗಳು ಮೊದಲಿಗೆ ಒಳ್ಳೆಯವು. ಮುಂದೆ ನಾಲ್ಕು ಚೀನೀ ಅಕ್ಷರ. ಮೇಲೆ, ಕೆಳಗೆ, ಬಲ, ಎಡ ಅನ್ನುವ ಕ್ರಮದಲ್ಲಿ ಓದಬೇಕು. ಹಿಂದೆ ಹೆಚ್ಚಿನವುಗಳಲ್ಲಿ ಚಿಂಗ್ ಅರಸರ ಮೂಲ ಭಾಷೆಯಾದ ಮಂಚುವಿನ ಲಿಪಿ, ಅದು ಟಂಕಸಾಲೆಯ ಹೆಸರು. ಆ ಮಂಚು ಗುರುತುಗಳ ಪಟ್ಟಿ ಎದುರಿಗಿಟ್ಟುಕೊಂಡು ಒಂದು ಕಿಲೋ ಮಿಶ್ರ ಕಾಸು ವಿಂಗಡಿಸಿದರೆ, ಹತ್ತು ಪುಸ್ತಕ ಓದಿದ್ದಕ್ಕಿಂತ ಕಣ್ಣು ಪಳಗುತ್ತದೆ. ತಾಮ್ರ ಅಂತ ನಾವು ಹೇಳಿದರೂ ಈ ಕಾಲದವು ನಿಜಕ್ಕೆ ಹಿತ್ತಾಳೆ. ಸೋಂಗ್ ಕಾಲದವು ತವರ, ಸೀಸ ಸೇರಿದ ಕಂಚು. ಒಂದು ಎಚ್ಚರಿಕೆ: ಫೆಂಗ್ ಶುಯಿ ಅಂತ ಕೆಂಪು ದಾರದಲ್ಲಿ ಮೂರು ಮೂರು ಕಟ್ಟಿ ನಮ್ಮ ಗಿಫ್ಟ್ ಅಂಗಡಿಗಳಲ್ಲಿ ನೇತುಹಾಕಿರುತ್ತಾರಲ್ಲ, ಅದರ ಮೇಲೂ ಇದೇ ಚಕ್ರವರ್ತಿಗಳ ಹೆಸರಿರುತ್ತದೆ. ಅವು ನಿನ್ನೆ ಮೊನ್ನೆಯವು. ಪರ್ಸಿನಲ್ಲಿಟ್ಟರೆ ದುಡ್ಡು ಬರುತ್ತದೋ ಗೊತ್ತಿಲ್ಲ, ಮಾರಿದವನಿಗಂತೂ ಬಂದಿದೆ.

ತೊಳೆಯಬೇಡಿ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ನಾನು ಮೊದಲು ಕೂಡಿಸಿದ ಹದಿನಾಲ್ಕು ಕಾಂಗ್‌ಶಿ ಕಾಸುಗಳನ್ನು ಒಂದು ತಟ್ಟೆಯಲ್ಲಿ ಹರಡಿ ಪೇಟೆಗೆ ಹೋಗಿದ್ದೆ. ಅಷ್ಟಮಿಯ ಹಿಂದಿನ ದಿನ. ಅಮ್ಮ ದೀಪ, ತಂಬಿಗೆಗಳ ಜೊತೆ ಅವನ್ನೂ ಹುಣಸೆಹುಳಿ ಹಾಕಿ ತಿಕ್ಕಿ, ಬೂದಿಯಲ್ಲಿ ಇನ್ನೊಮ್ಮೆ ಬೆಳಗಿ, ಬಿಸಿಲಿಗೆ ಒಣಗಿಸಿದ್ದರು. ‘ಎಷ್ಟು ಕಿಲುಬು ಹಿಡಿದಿತ್ತು ಮಗಾ, ಈಗ ನೋಡು’ ಅಂತ ಖುಷಿಯಿಂದ ತೋರಿಸಿದರು. ಮುನ್ನೂರು ವರ್ಷದ ಕಂದು ಬಣ್ಣ ಹೋಗಿ ಹೊಸ ಬೋಲ್ಟಿನ ಹಾಗೆ ಮಿಂಚುತ್ತಿದ್ದವು. ಏನು ಹೇಳಲಿ? ಚೆನ್ನಾಗಿದೆ ಅಂದೆ. ಆ ಬಣ್ಣವೇ ನಾಣ್ಯದ ವಯಸ್ಸಿನ ಗುರುತು, ಅದು ಹೋದರೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಬೆಳ್ಳಿಗೂ ಇದೇ ನಿಯಮ. ಮಣ್ಣು ಅಂಟಿದ್ದರೆ ಬರಿ ನೀರಿನಲ್ಲಿ ನೆನೆಸಿಡಿ, ಉಜ್ಜಬೇಡಿ. ಇಡುವಾಗ ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಲಕೋಟೆ ಬೇಡ, ಕಾಲಕ್ರಮದಲ್ಲಿ ಹಸಿರು ಅಂಟು ಬಿಡುತ್ತದೆ. ಮೈಲಾರ್ ಅನ್ನುವ ಪಾಲಿಯೆಸ್ಟರ್ ಹಾಳೆಯವು ಸಿಗುತ್ತವೆ. ರಬ್ಬರ್ ಬ್ಯಾಂಡ್ ಬೆಳ್ಳಿಯ ಹತ್ತಿರ ಸುಳಿಯಬಾರದು, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ನಮ್ಮ ಕರಾವಳಿಯ ಆಟಿ ತಿಂಗಳ ತೇವಕ್ಕೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು.

ಕಾಸು ಆದ ಮೇಲೆ ಯಂತ್ರದಲ್ಲಿ ಅಚ್ಚೊತ್ತಿದ ತಾಮ್ರದ ಹತ್ತು ಕಾಸಿನ ಬಿಲ್ಲೆಗಳಿಗೆ ಬನ್ನಿ. 28 ಮಿ.ಮೀ. ಅಗಲ, 7 ಗ್ರಾಂ ಚಿಲ್ಲರೆ, ಒಂದು ಬದಿಗೆ ಡ್ರ್ಯಾಗನ್. 1900ರಲ್ಲಿ ಗುವಾಂಗ್‌ಡಾಂಗ್ ಶುರು ಮಾಡಿತು, ಲಾಭ ಕಂಡ ಉಳಿದ ಪ್ರಾಂತ್ಯಗಳು ಬಿದ್ದು ಒತ್ತಿದವು, ಕೊನೆಗೆ ಬೆಲೆಯೇ ಕುಸಿಯಿತು. 1905ರ ನಂತರದವುಗಳ ನಟ್ಟನಡುವೆ ಒಂದು ಪುಟ್ಟ ಅಕ್ಷರ ಇರುತ್ತದೆ, ಅದು ಪ್ರಾಂತ್ಯದ ಗುರುತು. ಒಂದೊಂದು ಪ್ರಾಂತ್ಯದ್ದು ಒಂದೊಂದು ಕೂಡಿಸುವುದು ಕೈಗೆಟಕುವ, ಮಜಾ ಕೊಡುವ ಗುರಿ.

ಆಮೇಲೆ ಬೆಳ್ಳಿ. ಮೊದಲ ಬೆಳ್ಳಿ ನಾಣ್ಯವಾಗಿ ಗಣರಾಜ್ಯದ 3ನೇ ವರ್ಷದ ಯುವಾನ್ ನಾಣ್ಯವೇ ಇರಲಿ, ಅತಿ ಸಾಮಾನ್ಯ ಅನ್ನುವ ಕಾರಣಕ್ಕೇ. ವರ್ಷಕ್ಕೆ 1911 ಕೂಡಿಸಿದರೆ ನಮ್ಮ ಇಸವಿ, ಅಂದರೆ 1914. ಓದು ಬಲದಿಂದ ಎಡಕ್ಕೆ. ಮೂರು ಅನ್ನುವುದಕ್ಕೆ ಮೂರು ಅಡ್ಡಗೆರೆ, ಹತ್ತಕ್ಕೆ ಕೂಡಿಸುವ ಚಿಹ್ನೆ. 3ನೇ ವರ್ಷದ್ದರಲ್ಲಿ ತಲೆಯ ಮೇಲೆ ಆರು ಅಕ್ಷರ, 8, 9, 10ನೇ ವರ್ಷದವುಗಳಲ್ಲಿ ಏಳು. ಯುವಾನ್ 1916ರಲ್ಲೇ ಸತ್ತಿದ್ದರು, ನಾಣ್ಯದಲ್ಲಿ 1921ರವರೆಗೂ ಜೀವಂತ. 1949ರ ಮೇಲೆ, ಟಿಬೆಟ್‌ನಲ್ಲಿ ಕಾಗದದ ನೋಟು ನಡೆಯದೆ, ಕಮ್ಯುನಿಸ್ಟ್ ಸರಕಾರವೂ ಹಳೆಯ ಇಸವಿಯಲ್ಲೇ ಇವನ್ನು ಟಂಕಿಸಿತು. ಮುಂದೆ, ಗಣರಾಜ್ಯದ ಸ್ಥಾಪಕರೆನಿಸಿದವರ ಮುಖವಿರುವ, 1933, 1934ರ ಸುನ್ ಯಾತ್‌ಸೆನ್ ಹಾಯಿದೋಣಿ ನಾಣ್ಯ. 1935ರ ನವೆಂಬರಿನಲ್ಲಿ ಚೀನಾ ಬೆಳ್ಳಿಯನ್ನೇ ಬಿಟ್ಟಿತು.

ನಮ್ಮವರಿಗೆ ನಾನು ಹೇಳುವ ಎರಡು ನಾಣ್ಯ ಬೇರೆ. ಒಂದು, 1895ರಿಂದ 1935ರವರೆಗೆ ಚೀನಾ ಕಡೆಯ ವ್ಯಾಪಾರಕ್ಕೆಂದೇ ಬ್ರಿಟಿಷರು ಮಾಡಿದ ಡಾಲರ್. ಹೆಚ್ಚಿನವು ನಮ್ಮ ಬಾಂಬೆ ಟಂಕಸಾಲೆಯವು, ಬ್ರಿಟನ್ನಿನ ಸಂಕೇತವಾಗಿ ನಿಂತ ಬ್ರಿಟಾನಿಯಾ ಅನ್ನುವ ಹೆಣ್ಣಿನ ತ್ರಿಶೂಲದ ನಡು ಮೊನೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ‘ಬಿ’ ಇರುತ್ತದೆ. 26.96 ಗ್ರಾಂ, ನೂರಕ್ಕೆ 90 ಬೆಳ್ಳಿ. ಇನ್ನೊಂದು ಸಿಚುವಾನ್ ರೂಪಾಯಿ. ವಿಕ್ಟೋರಿಯಾ ರಾಣಿಯ ರೂಪಾಯಿ ಟಿಬೆಟ್‌ನಲ್ಲೆಲ್ಲ ಓಡುತ್ತಿದ್ದುದನ್ನು ನೋಡಲಾರದೆ, 20ನೇ ಶತಮಾನದ ಮೊದಲ ವರ್ಷಗಳಲ್ಲಿ ಚೆಂಗ್ಡುವಿನಲ್ಲಿ ಅದೇ ಅಳತೆಗೆ, ರಾಣಿಯ ಜಾಗದಲ್ಲಿ ಗುವಾಂಗ್‌ಶು ಚಕ್ರವರ್ತಿಯ ಮುಖ ಕೂರಿಸಿ ಹೊಡೆದದ್ದು. ಭಂಗಿ ಮಾತ್ರ ರಾಣಿಯದ್ದೇ.

ಅಪರೂಪದ ನಾಣ್ಯಕ್ಕೆ ತಕ್ಕಡಿಯೂ ಸಾಲದು, ಕಳ್ಳರು ಅಸಲಿ ಬೆಳ್ಳಿಯಲ್ಲೇ ನಕಲು ಮಾಡುತ್ತಾರೆ. ನಾಣ್ಯ ಪರೀಕ್ಷಿಸಿ ಮೊಹರು ಮಾಡಿದ ಡಬ್ಬಿಯಲ್ಲಿ ಕೊಡುವ ಕಂಪನಿಗಳಾದ ಪಿಸಿಜಿಎಸ್, ಎನ್‌ಜಿಸಿ ಡಬ್ಬಿಯಲ್ಲಿರುವುದು ಕೊಂಡರೆ ಕ್ಷೇಮ, ಆದರೆ ಡಬ್ಬಿಯೂ ನಕಲಿ ಬರುತ್ತದೆ. ಅದರ ಸಂಖ್ಯೆಯನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ ಫೋಟೋ ತಾಳೆ ನೋಡಿ. ಇಲ್ಲಿ ಕೊಂಡ ನಾಣ್ಯವನ್ನು ಡಬ್ಬಿಗೆ ಹಾಕಿಸಲು ವಿದೇಶಕ್ಕೆ ಕಳಿಸುವ ಯೋಚನೆ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು, ಖಾಸಗಿಯವರು ಹೊರಗೆ ಕಳಿಸುವ ಹಾಗಿಲ್ಲ. ಬೆಂಗಳೂರಿನ ನಾಣ್ಯ ಪ್ರದರ್ಶನಗಳಿಗೆ ಹೋಗಿ, ಏನೂ ಕೊಳ್ಳದೆ ನಾಲ್ಕು ಸಲ ಮುಟ್ಟಿ ನೋಡಿ ಬನ್ನಿ.

ನನ್ನ 120 ಯುವಾನಿನ ಹಿತ್ತಾಳೆ ಯುವಾನ್ ಇನ್ನೂ ಡಬ್ಬದಲ್ಲಿದೆ, ಹೊಸದು ಬಂದಾಗೆಲ್ಲ ಪಕ್ಕದಲ್ಲಿಟ್ಟು ನೋಡಲು. ನೀವು ಆ ಮಾರಾಟಗಾರನಿಗೆ ನಾಣ್ಯವನ್ನು ತಕ್ಕಡಿ ಮೇಲಿಟ್ಟ ಫೋಟೋ ಮತ್ತು ಅಂಚಿನ ಫೋಟೋ ಕೇಳಿ. ಬಂದರೆ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.